ಹಲಗೆ ಹೊಟ್ಟೆ ಬಿಟ್ಟರೆ, ಕಪಾಟು ವಾಲಿದರೆ: ಮನೆಯಲ್ಲೇ ಮಾಡಿದ ಪುಸ್ತಕದ ಕಪಾಟಿನ ದೋಷ ನಿವಾರಣೆ

ಬೇಸಿಗೆ ರಜೆಯಲ್ಲಿ ನಾನೇ ಕೊಯ್ದು, ನಾನೇ ಜೋಡಿಸಿದ ಪುಸ್ತಕದ ಕಪಾಟು ದೀಪಾವಳಿಯ ಹೊತ್ತಿಗೆ ವಾಲತೊಡಗಿತು. ಕೋಲಾರದ ಕೋಟೆ ಬದಿಯ ಹಳೇ ಮನೆ ನಮ್ಮದು. ದಪ್ಪ ಮಣ್ಣಿನ ಗೋಡೆ, ರೆಡ್ ಆಕ್ಸೈಡ್ ನೆಲ. ಹಜಾರಕ್ಕೆಂದು ಆರಡಿ ಎತ್ತರ, ಮೂರಡಿ ಅಗಲದ್ದನ್ನು 18 ಮಿ.ಮೀ. ಪ್ಲೈವುಡ್ಡಿನಲ್ಲಿ ಮಾಡಿದ್ದೆ. ಆರು ತಿಂಗಳು ತೆಪ್ಪಗಿತ್ತು. ಆಮೇಲೆ ಮೂರು ತಕರಾರು ಒಟ್ಟಿಗೇ ಬಂದವು: ನಡುವಿನ ಹಲಗೆ ಹೊಟ್ಟೆ ಬಿಟ್ಟಿತು, ನೆತ್ತಿ ಬಾಗಿಲ ಕಡೆ ವಾಲಿತು, ಬುಡದಲ್ಲಿ ಪ್ಲೈ ಪದರ ಬಿಟ್ಟುಕೊಂಡಿತು. ನಾನು ಮೊದಲು ಮಾಡಿದ್ದು ಬಲಗಾಲಿನ ಕೆಳಗೆ ರಟ್ಟು ಮಡಿಚಿ ತುರುಕಿದ್ದು. ಆಮೇಲೆ ಕೈಗೆ ಸಿಕ್ಕಲ್ಲೆಲ್ಲ ಇನ್ನೊಂದು ಡಜನ್ ಸ್ಕ್ರೂ. ಒಂದಕ್ಕೂ ಫಲ ಸಿಗಲಿಲ್ಲ. ರಟ್ಟು ವಾಲಿದ್ದನ್ನು ಕಣ್ಣಿಗೆ ಮರೆಮಾಡಿತು, ಸ್ಕ್ರೂ ಇದ್ದ ಅಂಚನ್ನೂ ಸೀಳಿತು.

ಕಪಾಟಿನಲ್ಲಿ ದೋಷ ಕಾಣುವ ಜಾಗ ಒಂದು, ದೋಷ ಇರುವ ಜಾಗ ಇನ್ನೊಂದು. ಅದನ್ನು ಹುಡುಕುವ ಕ್ರಮವನ್ನು ನಾನು ಕಲಿತ ಹಾಗೆ ಇಲ್ಲಿ ಬರೆದಿದ್ದೇನೆ. ನಾನು ಬಡಗಿಯಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಗೊತ್ತಾಗದ ಕಡೆ ನಮ್ಮ ಬೀದಿಯ ಬಡಗಿ ಆಚಾರ್ರನ್ನು ಕೇಳಿದ್ದೇನೆ, ಬೈಸಿಕೊಂಡೂ ಇದ್ದೇನೆ.

ಪುಸ್ತಕ ಇಳಿಸುವ ಮುಂಚೆ

ಕಪಾಟು ಕೆಟ್ಟಿತು ಅಂದಕೂಡಲೇ ಎಲ್ಲರೂ ಪುಸ್ತಕ ಇಳಿಸಲು ಹೊರಡುತ್ತಾರೆ. ಇಳಿಸಿದ ಮರುಕ್ಷಣ ಅರ್ಧ ಸಾಕ್ಷಿ ಮಾಯ. ಭಾರ ಹೊತ್ತಾಗ ಎಷ್ಟಿತ್ತು, ಬರಿದಾದ ಮೇಲೆ ಎಷ್ಟಾಯಿತು, ಈ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿದರೇ ಕಾರಣ ಸಿಗುವುದು. ಹಾಗಾಗಿ ಮೊದಲು ಭಾರವಿದ್ದಂತೆಯೇ ಅಳೆಯಿರಿ.

ಬೇಕಾದದ್ದು ಟ್ವೈನ್ ದಾರ, ಟೇಪು, ಸ್ಟೀಲ್ ಸ್ಕೇಲು, ಟಾರ್ಚು, ಪೆನ್ಸಿಲ್ಲು. ತೂಕದ ಗುಂಡು ಇಲ್ಲದಿದ್ದರೆ ದಾರದ ತುದಿಗೆ ಬೀಗ ಕಟ್ಟಿದರೆ ಸಾಕು. ಬಾಗಿದ ಹಲಗೆಯ ಮುಂದಿನ ಅಂಚಿನಲ್ಲಿ ಈ ತುದಿಯಿಂದ ಆ ತುದಿಗೆ ದಾರ ಬಿಗಿಯಾಗಿ ಹಿಡಿದು, ನಡುವೆ ದಾರಕ್ಕೂ ಹಲಗೆಗೂ ಎಷ್ಟು ಸಂದು ಇದೆ ಎಂದು ಸ್ಕೇಲಿನಲ್ಲಿ ನೋಡಿ. ಆಮೇಲೆ ಮೂಲೆಯಿಂದ ಮೂಲೆಗೆ, ಅಡ್ಡಡ್ಡ, ಎರಡೂ ಕಡೆಯ ಅಳತೆ. ಕೊನೆಗೆ ನೆತ್ತಿಯ ಪಕ್ಕದಿಂದ ಬೀಗ ಇಳಿಬಿಟ್ಟು, ಮೇಲೂ ಕೆಳಗೂ ದಾರ ಹಲಗೆಯಿಂದ ಒಂದೇ ದೂರದಲ್ಲಿದೆಯೇ ಎಂದು ನೋಡಿ. ಎಲ್ಲವನ್ನೂ ಪಕ್ಕದ ಹಲಗೆಯ ಒಳಮೈಯಲ್ಲೇ ತಾರೀಖು ಹಾಕಿ ಬರೆದಿಡಿ. ಚೀಟಿ ಕಳೆದುಹೋಗುತ್ತದೆ. ಈಗ ಪುಸ್ತಕ ಇಳಿಸಿ, ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಅದೇ ಅಳತೆಗಳನ್ನು ಮತ್ತೆ ತೆಗೆಯಿರಿ.

ನನ್ನ ಕಪಾಟಿನ ಲೆಕ್ಕ ಹೀಗಿತ್ತು. ಮೂರನೇ ಹಲಗೆಯ ಬಾಗು ಭಾರವಿದ್ದಾಗ 5 ಮಿ.ಮೀ., ಬರಿದಾದ ಮೇಲೆ 2 ಮಿ.ಮೀ. ಮೂಲೆ ಅಳತೆ 81 ಇಂಚು ಮತ್ತು 80 ಇಂಚು, ಭಾರವಿದ್ದಾಗಲೂ ಇಲ್ಲದಾಗಲೂ ಅಷ್ಟೇ. ಆದರೆ ಬರಿದಾದ ಕಪಾಟನ್ನು ಒಂದು ಬೆರಳಿನಿಂದ ತಳ್ಳಿದರೆ ನೆಟ್ಟಗಾಗುತ್ತಿತ್ತು, ಇನ್ನೂ ತಳ್ಳಿದರೆ ಆಚೆ ಕಡೆಗೆ ವಾಲುತ್ತಿತ್ತು.

ಹಲಗೆ ಹೊಟ್ಟೆ ಬಿಟ್ಟಿದೆ

ಪುಸ್ತಕದ ಭಾರವನ್ನು ನಾವು ಯಾವತ್ತೂ ಕಡಿಮೆಯೇ ಅಂದಾಜು ಮಾಡುತ್ತೇವೆ. ಒತ್ತಾಗಿ ನಿಲ್ಲಿಸಿದ ಒಂದಡಿ ಪುಸ್ತಕ ಸುಮಾರು 10 ಕೆ.ಜಿ. ತೂಗುತ್ತದೆ. ನಿಘಂಟು, ನುಣುಪು ಕಾಗದದ ಚಿತ್ರಪುಸ್ತಕಗಳಾದರೆ ಇನ್ನೂ ಹೆಚ್ಚು. ಮೂರಡಿಯ ಹಲಗೆ ಎಂದರೆ 30 ಕೆ.ಜಿ. ನಮ್ಮ ಎಪಿಎಂಸಿಯ ಟೊಮೆಟೊ ಬಾಕ್ಸು 15 ಕೆ.ಜಿ.ಯದ್ದು, ಹಾಗಾಗಿ ನನ್ನ ಒಂದೊಂದು ಹಲಗೆಯ ಮೇಲೂ ಎರಡೆರಡು ಬಾಕ್ಸು ಟೊಮೆಟೊ. ಐದು ಹಲಗೆಗೆ ಹತ್ತು ಬಾಕ್ಸು. ಅಷ್ಟನ್ನು ಹಜಾರದ ಮೂಲೆಯಲ್ಲಿ ಪೇರಿಸಿಡು ಎಂದು ಯಾರಾದರೂ ಹೇಳಿದ್ದರೆ ನಾನು ಬೇರೆಯೇ ಥರ ಕಟ್ಟುತ್ತಿದ್ದೆ.

ಈಗ ಎರಡು ಅಳತೆ ಹೋಲಿಸಿ. ಪುಸ್ತಕ ಇಳಿಸಿದ ಮೇಲೆ ಬಾಗು ಬಹುಪಾಲು ಹೋಯಿತೆಂದರೆ ಹಲಗೆ ಗಟ್ಟಿಯಾಗಿಯೇ ಇದೆ, ಉದ್ದ ಹೆಚ್ಚಾಗಿದೆ ಅಥವಾ ದಪ್ಪ ಸಾಲದು. ಬಾಗು ಹೆಚ್ಚುಕಡಿಮೆ ಹಾಗೇ ಉಳಿದಿದ್ದರೆ ಹಲಗೆ ಆ ಆಕಾರಕ್ಕೆ ಒಗ್ಗಿಹೋಗಿದೆ. ಪಾರ್ಟಿಕಲ್ ಬೋರ್ಡಿನಲ್ಲಿ ಇದು ಬೇಗ ಆಗುತ್ತದೆ, ತೇವ ಕುಡಿದ ಹಲಗೆಯಲ್ಲಿ ಇನ್ನೂ ಬೇಗ. ಒಳ್ಳೆಯ ಮರವೂ ಇದಕ್ಕೆ ಹೊರತಲ್ಲ. ಭಾರ ಇಟ್ಟ ದಿನ ಬಾಗಿದ್ದಕ್ಕೆ ತಿಂಗಳುಗಳು ಕಳೆದ ಮೇಲೆ ಸುಮಾರು ಅದರರ್ಧದಷ್ಟು ಸೇರಿಕೊಳ್ಳುತ್ತದೆ. ಆರು ತಿಂಗಳು ತೆಪ್ಪಗಿತ್ತು ಎಂದೆನಲ್ಲ, ನಿಜಕ್ಕೂ ಅದು ಮೊದಲ ದಿನದಿಂದಲೇ ಬಾಗುತ್ತಿತ್ತು. ನನ್ನ ಕಣ್ಣಿಗೆ ಬೀಳಲು ಆರು ತಿಂಗಳು ಹಿಡಿಯಿತು.

ಉದ್ದದ ಲೆಕ್ಕ ತುಂಬ ನಿಷ್ಠುರ. ಪುಸ್ತಕ ಅಷ್ಟೇ ಒತ್ತಾಗಿದ್ದು, ಹಲಗೆಯ ಉದ್ದ ದುಪ್ಪಟ್ಟಾದರೆ ಬಾಗು ಹದಿನಾರು ಪಟ್ಟಾಗುತ್ತದೆ. ದಪ್ಪ ದುಪ್ಪಟ್ಟು ಮಾಡಿದರೆ ಎಂಟನೇ ಒಂದಕ್ಕೆ ಇಳಿಯುತ್ತದೆ. ಮೂರಡಿಯ ಬದಲು 32 ಇಂಚು ಇಟ್ಟಿದ್ದರೂ ನನ್ನ ಬಾಗು ಮೂರನೇ ಒಂದು ಪಾಲಿಗೂ ಮೀರಿ ತಗ್ಗುತ್ತಿತ್ತು. ಇದರಲ್ಲಿ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಎಂಟಡಿ-ನಾಲ್ಕಡಿಯ ಒಂದು ಶೀಟನ್ನು ಉದ್ದಕ್ಕೆ ನಾಲ್ಕು ಪಟ್ಟಿಯಾಗಿ ಸೀಳಿದರೆ, ಗರಗಸ ತಿಂದದ್ದು ಕಳೆದು, ತಲಾ ಹನ್ನೊಂದೂಮುಕ್ಕಾಲು ಇಂಚು ಅಗಲ ಸಿಗುತ್ತದೆ. ಎರಡು ಪಟ್ಟಿಯಲ್ಲಿ ಆರಡಿಯ ಎರಡು ಪಕ್ಕ. ಉಳಿದ ಎರಡು ಪಟ್ಟಿಯನ್ನು ಮೂರು ಮೂರು ಭಾಗ ಮಾಡಿದರೆ ಮೂವತ್ತೊಂದೂಮುಕ್ಕಾಲು ಇಂಚಿನ ಆರು ಹಲಗೆ. ನೆತ್ತಿ, ಬುಡ, ನಡುವೆ ನಾಲ್ಕು. ಒಂದೇ ಶೀಟಿನಲ್ಲಿ ಕಪಾಟು ಮುಗಿಯಿತು. ನಾನು ‘ಮೂರಡಿಯೇ ಇರಲಿ, ಗೋಡೆಗೆ ಸರಿಹೋಗುತ್ತದೆ’ ಎಂದು ಹಟ ಹಿಡಿದೆ. ಆ ಹಟ ಎರಡನೇ ಶೀಟು ಕೊಳ್ಳಿಸಿತು, ಆಮೇಲೆ ಅದನ್ನೇ ಬಾಗಿಸಿತು.

ಇನ್ನೊಂದು ಕಾರಣವನ್ನು ಟಾರ್ಚಿನ ಬೆಳಕಲ್ಲಿ ನೋಡಬೇಕು. ಪ್ಲೈ ಮೇಲ್ಮೈಯ ಗೆರೆಗಳು ಹಲಗೆಯ ಉದ್ದಕ್ಕೆ ಓಡುತ್ತಿವೆಯೇ, ಅಡ್ಡಕ್ಕೆ ಓಡುತ್ತಿವೆಯೇ? ಸಾಮಾನ್ಯವಾಗಿ ಗೆರೆ ಶೀಟಿನ ಎಂಟಡಿ ಉದ್ದಕ್ಕೆ ಇರುತ್ತದೆ. ಮಿಕ್ಕ ತುಂಡು ವ್ಯರ್ಥವಾಗಬಾರದೆಂದು ನಾಲ್ಕಡಿಯ ಕಡೆಯಿಂದ ಹಲಗೆ ಕೊಯ್ದರೆ ಗೆರೆ ಅಡ್ಡವಾಗುತ್ತದೆ, ಅಂಥ ಹಲಗೆ ಅದೇ ಭಾರಕ್ಕೆ ಹೆಚ್ಚು ಬಾಗುತ್ತದೆ. ಬ್ಲಾಕ್ ಬೋರ್ಡಿನಲ್ಲಂತೂ ಒಳಗಿನ ಮರದ ಪಟ್ಟಿಗಳೇ ಅಡ್ಡವಾಗಿ ಬಿಡುತ್ತವೆ. ಎಲ್ಲ ಹಲಗೆಯೂ ನೆಟ್ಟಗಿದ್ದು ಒಂದು ಮಾತ್ರ ಬಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಪರಿಹಾರಕ್ಕೆ ಬರೋಣ. ನಾನು ಮೊದಲು ಮೂರನೇ ಹಲಗೆಯ ಕೆಳಗೆ, ನಟ್ಟನಡುವೆ ಒಂದು ನಿಲುವು ತುಂಡು ಕೊಟ್ಟೆ. ಮೂರನೆಯದು ನೆಟ್ಟಗಾಯಿತು. ಹದಿನೈದು ದಿನಕ್ಕೆ ಅದರ ಕೆಳಗಿನ ನಾಲ್ಕನೆಯದು ಮುಂಚಿನದಕ್ಕಿಂತ ಜೋರಾಗಿ ಬಾಗಿತು. ಆಚಾರ್ರು ಬಂದು ನೋಡಿ ನಕ್ಕರು. “ಭಾರ ಎಲ್ಲೋಯ್ತು ಅಂದ್ಕೊಂಡ್ರಿ ಟೀಚರಮ್ಮ? ಕೆಳಗಡೆ ಮನೇಗೆ ಹೋಯ್ತು, ಅಷ್ಟೇ.” ನಡು ನಿಲುವು ಕೊಡುವುದಾದರೆ ಅದು ಎಲ್ಲ ಖಾನೆಯಲ್ಲೂ ಒಂದರ ಕೆಳಗೊಂದು ಸರಿಯಾಗಿ ಕೂತು, ಕೊನೆಗೆ ನೆಲಕ್ಕೆ ತಾಗಬೇಕು. ಬುಡದ ಹಲಗೆಯ ಕೆಳಗೂ ಒಂದು ಗಟ್ಟಿ ತುಂಡು ಇರಬೇಕು.

ನಡುವೆ ತಡೆ ಬೇಡವೆಂದರೆ ಮುಂದಿನ ಅಂಚಿಗೆ ಮರದ ಪಟ್ಟಿ ಕೊಡಬಹುದು. ಒಂದೂವರೆ ಇಂಚು ಎತ್ತರ, ಮುಕ್ಕಾಲು ಇಂಚು ದಪ್ಪದ ತೇಗದ ರೀಪರ್ ಪಟ್ಟಿಯನ್ನು ನಿಲ್ಲಿಸಿ ಅಂಟಿಸಬೇಕು. ಮಲಗಿಸಿ ಅಂಟಿಸಿದರೆ ಅಂದಕ್ಕೆ ಮಾತ್ರ. ಅಂಟಿಸುವ ಮುಂಚೆ ಕೆಳಗಿನ ಖಾನೆಯಿಂದ ಊರೆ ಕೊಟ್ಟು ಹಲಗೆಯನ್ನು ದಾರಕ್ಕೆ ತಾಗುವಷ್ಟು ಎತ್ತಿ, ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ, ಪುಡಿ ಒರೆಸಿ, ಫೆವಿಕಾಲ್ ಹಚ್ಚಿ, ಕ್ಲಾಂಪು ಬಿಗಿದು ಇಪ್ಪತ್ತನಾಲ್ಕು ಗಂಟೆ ಮುಟ್ಟಬಾರದು. ಊರೆ ಕೊಡದೆ ಅಂಟಿಸಿದರೆ ಬಾಗನ್ನೇ ಖಾಯಂ ಮಾಡಿದ ಹಾಗೆ. ನನ್ನ ಮೂರು ಹಲಗೆಗೆ ಹೀಗೆ ಮಾಡಿದೆ, ಬಾಗು ಅರ್ಧಕ್ಕಿಂತ ಕೆಳಗೆ ಬಂತು.

ಹಲಗೆ ಬಿಚ್ಚಿ ಮಗುಚಿ ಹಾಕುವುದನ್ನು ಬಹಳ ಜನ ಹೇಳುತ್ತಾರೆ. ಎರಡು ತಿಂಗಳು ಚೆನ್ನಾಗಿರುತ್ತದೆ. ಮನೆಗೆ ನೆಂಟರು ಬರುವುದಿದ್ದರೆ ಮಾಡಿ.

ಕಪಾಟು ಒಂದು ಪಕ್ಕಕ್ಕೆ ವಾಲಿದೆ

ವಾಲುವುದಕ್ಕೆ ಎರಡು ಕಾರಣ ಇರಬಹುದು: ಕಪಾಟಿನ ಮೂಲೆಗಳು ಲಂಬಕೋನ ತಪ್ಪಿವೆ, ಇಲ್ಲವೇ ನೆಲ ಇಳಿಜಾರಾಗಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಹಾಕಿದರೆ ಕೆಡುತ್ತದೆ.

ಮೂಲೆ ಅಳತೆಯೇ ಇಲ್ಲಿ ನ್ಯಾಯಾಧೀಶ. ಹೊರ ಅಳತೆ 72 ಇಂಚು ಎತ್ತರ, 36 ಇಂಚು ಅಗಲ ಇದ್ದರೆ ಮೂಲೆಯಿಂದ ಮೂಲೆಗೆ ಎರಡೂ ಕಡೆ 80½ ಇಂಚು ಬರಬೇಕು. ಎರಡೂ ಸಮ ಬಂದು ಬೀಗ ಕಟ್ಟಿದ ದಾರ ಮಾತ್ರ ಓರೆ ತೋರಿಸಿದರೆ ಕಪಾಟು ಸರಿಯಾಗಿದೆ, ನೆಲ ಸರಿ ಇಲ್ಲ. ನಮ್ಮ ಕಡೆಯ ಹಳೇ ಮನೆಗಳಲ್ಲಿ ತೊಳೆದ ನೀರು ಹರಿದುಹೋಗಲೆಂದು ನೆಲವನ್ನು ಬೇಕೆಂದೇ ಬಾಗಿಲ ಕಡೆಗೆ ಇಳಿಸಿರುತ್ತಾರೆ. ಅಂಥ ಕಡೆ ಕಾಲಿನ ಕೆಳಗೆ ರಟ್ಟು ಇಡಬೇಡಿ, ತೂಕಕ್ಕೆ ಅಪ್ಪಚ್ಚಿಯಾಗುತ್ತದೆ, ನೆಲ ಒರೆಸಿದ ನೀರನ್ನೂ ಹೀರುತ್ತದೆ. ಲ್ಯಾಮಿನೇಟ್ ಶೀಟಿನ ಮಿಕ್ಕ ಚೂರು ಒಂದೊಂದೂ ಸುಮಾರು 1 ಮಿ.ಮೀ. ದಪ್ಪ, ಎಷ್ಟು ಬೇಕೋ ಅಷ್ಟು ಎಣಿಸಿ ಇಡಬಹುದು. ಹೆಚ್ಚು ಎತ್ತರ ಬೇಕಿದ್ದರೆ ಕಡಪ ಕಲ್ಲಿನ ಚೂರು.

ನನ್ನದು 81 ಮತ್ತು 80. ಒಂದಿಂಚಿನ ವ್ಯತ್ಯಾಸ ಸಣ್ಣದೆನಿಸುತ್ತದೆ. ಲೆಕ್ಕ ಹಾಕಿದರೆ ನೆತ್ತಿ ಒಂದಿಂಚಿಗೂ ಹೆಚ್ಚು ಪಕ್ಕಕ್ಕೆ ಹೋಗಿದೆ ಎಂದರ್ಥ. ಅಂದರೆ ಚೌಕ ಹೋಗಿ ವಜ್ರಾಕಾರವಾಗಿದೆ. ಬೆರಳಲ್ಲಿ ತಳ್ಳಿದರೆ ಅಲುಗುತ್ತದೆ ಎಂದ ಮೇಲೆ ಇನ್ನು ಅನುಮಾನವಿಲ್ಲ: ಅಡ್ಡಹಲಗೆಗಳು ಭಾರ ಹೊರುತ್ತಿವೆ, ವಾಲದಂತೆ ಹಿಡಿಯುವುದು ಮಾತ್ರ ಏನೂ ಇಲ್ಲ. ಹಿಂಬದಿ ತೆರೆದಿದ್ದರೆ ಗೋಡೆಯ ಬಣ್ಣ ಕಂಡು ಚೆಂದ ಎಂದು ನಾನು ಹಿಂಬದಿಯ ಹಲಗೆಯನ್ನೇ ಹಾಕಿರಲಿಲ್ಲ. ಬೆಂಕಿಪೊಟ್ಟಣದ ಒಳಗಿನ ಡಬ್ಬಿ ಎಳೆದು, ಹೊರಗಿನ ಕವಚವನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ತಳ ಇರುವ ಡಬ್ಬಿಯನ್ನೂ ಒತ್ತಿ ನೋಡಿ. ನನ್ನ ಕಪಾಟು ಕವಚವಾಗಿತ್ತು.

ಹಿಂಬದಿಗೆ 6 ಮಿ.ಮೀ. ಪ್ಲೈ ಸಾಕು. ಅಂಗಡಿಯ ಮೆಷಿನ್ನಿನಲ್ಲೇ ಕೊಯ್ಸಿ, ಅದರ ಮೂಲೆಗಳು ಸರಿಯಾಗಿ ಬರುತ್ತವೆ. ಆ ಪ್ಲೈಯೇ ನಿಮ್ಮ ಮೂಲೆಮಟ್ಟ. ಆದರೆ ವಾಲಿದ ಕಪಾಟಿಗೆ ಹಾಗೇ ಹೊಡೆದರೆ ವಾಲಿದ್ದು ಹಾಗೇ ನಿಲ್ಲುತ್ತದೆ, ಮೊದಲು ನೆಟ್ಟಗೆ ಮಾಡಬೇಕು. ನಾನು ಮಾಡಿದ್ದು ಹೀಗೆ. ಕಪಾಟನ್ನು ಜಮಖಾನದ ಮೇಲೆ ಮುಖ ಕೆಳಗಾಗಿ ಮಲಗಿಸಿದೆ. ಉದ್ದ ಬಂದ ಎರಡು ಮೂಲೆಗೆ, ಹಗ್ಗ ಜಾರದಂತೆ ಕಚ್ಚು ಹೊಡೆದ ಮರದ ತುಂಡು ಇಟ್ಟು, ಹಗ್ಗವನ್ನು ಎರಡು ಸುತ್ತು ಕಟ್ಟಿದೆ. ಹಗ್ಗದ ನಡುವೆ ಲಟ್ಟಣಿಗೆ ತೂರಿಸಿ ತಿರುಚತೊಡಗಿದೆ. ಪ್ರತಿ ತಿರುವಿಗೂ ಹಗ್ಗ ಕಿರ್ ಎನ್ನುತ್ತಿತ್ತು, ನನ್ನ ಮಗ ಟೇಪು ಹಿಡಿದು ‘ಎಂಬತ್ತೂ ಮುಕ್ಕಾಲು, ಎಂಬತ್ತೂವರೆಗೆ ಇನ್ನೊಂಚೂರು’ ಎಂದು ಕೂಗುತ್ತಿದ್ದ. ಎರಡೂ ಕಡೆ 80½ ಆದಾಗ ಲಟ್ಟಣಿಗೆಯನ್ನು ದಾರದಲ್ಲಿ ಕಟ್ಟಿಹಾಕಿ, ಹಿಂಬದಿ ಪ್ಲೈ ಇಟ್ಟು, ಒಂದು ಮೂಲೆಯಿಂದ ಶುರುಮಾಡಿ ಆರಾರು ಇಂಚಿಗೆ ಒಂದರಂತೆ ಸ್ಕ್ರೂ ಬಿಗಿದೆ. ಪಕ್ಕಗಳಿಗೆ ಮಾತ್ರ ಅಲ್ಲ, ಪ್ರತಿ ಅಡ್ಡಹಲಗೆಯ ಬೆನ್ನಿಗೂ. ಹಾಗೆ ಬಿಗಿದರೆ ಹಲಗೆಯ ಹಿಂದಿನ ಅಂಚೂ ಬಾಗದು. ಹಗ್ಗ ಬಿಚ್ಚಿದ ಮೇಲೂ ಅಳತೆ ಕದಲಲಿಲ್ಲ.

ನಿಮ್ಮ ಕಪಾಟಿಗೆ ಹಿಂಬದಿ ಇದ್ದೂ ವಾಲಿದ್ದರೆ ಮೊಳೆಗಳನ್ನು ಎಣಿಸಿ. ಒಂದಡಿಗೊಂದು ಚಿಕ್ಕ ಮೊಳೆ ಹೊಡೆದು ಮುಗಿಸಿದ ಹಿಂಬದಿ ಬರೀ ಧೂಳು ತಡೆಯುತ್ತದೆ.

ಮುಂದಕ್ಕೆ ವಾಲುವುದು ಬೇರೆ ವಿಷಯ, ಅದಕ್ಕೆ ತಡ ಮಾಡಬೇಡಿ. ಗೋಡೆಯ ಬುಡದಲ್ಲಿ ಓಡುವ ಸ್ಕರ್ಟಿಂಗ್ ಪಟ್ಟಿಯ ಉಬ್ಬು ಕಪಾಟಿನ ಬುಡವನ್ನು ಗೋಡೆಯಿಂದ ಹೊರಗೆ ತಳ್ಳುತ್ತದೆ, ನೆಲದ ಇಳಿಜಾರು ಸೇರಿಕೊಳ್ಳುತ್ತದೆ, ಮಕ್ಕಳು ಮೇಲಿನ ಪುಸ್ತಕಕ್ಕೆಂದು ಕೆಳಗಿನ ಹಲಗೆ ಹತ್ತುತ್ತಾರೆ. 150 ಕೆ.ಜಿ. ಮೈಮೇಲೆ ಬರುತ್ತದೆ. ಆರಡಿಯ ಕಪಾಟನ್ನು ನೆತ್ತಿಯ ಹತ್ತಿರ ಎರಡು ಕಡೆ ಎಲ್-ಕ್ಲಾಂಪಿನಿಂದ ಗೋಡೆಗೆ ಹಿಡಿಸಲೇಬೇಕು. ಇಟ್ಟಿಗೆ ಗೋಡೆಗೆ ಡ್ರಿಲ್ ಹಾಕಿ ಪ್ಲಗ್ ಕೊಟ್ಟರೆ ನಿಲ್ಲುತ್ತದೆ. ನಮ್ಮ ಮಣ್ಣಿನ ಗೋಡೆಯಲ್ಲಿ ಡ್ರಿಲ್ ಹಾಕಿದರೆ ಮಣ್ಣು ಸುರಿಯಿತು, ಪ್ಲಗ್ ಕೈಯಲ್ಲೇ ಬಂತು. ಕೊನೆಗೆ ಪಕ್ಕದಲ್ಲೇ ಹಾದುಹೋಗುವ ತೊಲೆಗೆ ಕಬ್ಬಿಣದ ಪಟ್ಟಿ ಹಾಕಿ ಕಟ್ಟಿದೆವು.

ಸ್ಕ್ರೂ ಸುಮ್ಮನೆ ಸುತ್ತುತ್ತಿದೆ, ಕೂಡು ಬಾಯಿ ಬಿಟ್ಟಿದೆ

ಸ್ಕ್ರೂ ಡ್ರೈವರ್ ಹಿಡಿದು ಕೈಯಲ್ಲಿ ತಿರುಗಿಸಿ. ಬಿಗಿಯಾಗುತ್ತಾ ಹೋಗಿ ನಿಂತರೆ ಸಡಿಲವಾಗಿತ್ತು ಅಷ್ಟೇ. ಸುತ್ತುತ್ತಲೇ ಇದ್ದರೆ ತೂತು ಸತ್ತಿದೆ. ಇದಕ್ಕೆ ನಮ್ಮಲ್ಲಿನ ಒಂದು ಹಳೇ ಅಭ್ಯಾಸ ಕಾರಣ: ಸ್ಕ್ರೂವನ್ನು ಸುತ್ತಿಗೆಯಲ್ಲಿ ಮುಕ್ಕಾಲು ಹೊಡೆದು, ಶಾಸ್ತ್ರಕ್ಕೆ ಕೊನೆಯ ಎರಡು ಸುತ್ತು ತಿರುಗಿಸುವುದು. ಹಾಗೆ ಹೊಡೆದಾಗ ಸ್ಕ್ರೂವಿನ ಸುರುಳಿ ಮರವನ್ನು ಕಚ್ಚುವ ಬದಲು ಹರಿದುಕೊಂಡು ಹೋಗುತ್ತದೆ. 18 ಮಿ.ಮೀ. ಪ್ಲೈ ಅಂಚಿನಲ್ಲಿ ಪದರಗಳ ನಡುವೆ ಹೊಕ್ಕರೆ ಬೆಣೆಯಂತೆ ಸೀಳುತ್ತದೆ. ಎಂಟನೇ ನಂಬರಿನ ಸ್ಕ್ರೂಗೆ ಮೊದಲು 3 ಮಿ.ಮೀ. ತೂತು ಕೊರೆದು, ಆಮೇಲೆ ತಿರುಗಿಸಿಯೇ ಕೂರಿಸಬೇಕು. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ.

ಸತ್ತ ತೂತಿಗೆ ಬೆಂಕಿಕಡ್ಡಿ ತುರುಕುವುದು ತಾತ್ಕಾಲಿಕ. ಭಾರ ಹೊರುವ ಕಡೆ 8 ಅಥವಾ 10 ಮಿ.ಮೀ. ಕೊರೆದು, ಅದೇ ದಪ್ಪದ ಮರದ ಗೂಟಕ್ಕೆ ಅಂಟು ಹಚ್ಚಿ ಬಡಿದು, ಒಣಗಿದ ಮೇಲೆ ಅದರಲ್ಲಿ ಹೊಸ ತೂತು ಕೊರೆಯಿರಿ. ಪಾರ್ಟಿಕಲ್ ಬೋರ್ಡಾದರೆ ಇಷ್ಟು ಶ್ರಮ ಪಡುವ ಬದಲು ಹಲಗೆಯ ಕೆಳಗೆ ಒಂದಿಂಚು ಚೌಕದ ರೀಪರ್ ತುಂಡನ್ನು ಪಕ್ಕಕ್ಕೆ ಬಿಗಿದು, ಹಲಗೆಯನ್ನು ಅದರ ಮೇಲೆ ಕೂರಿಸಿ. ಅಂದ ಕಡಿಮೆ, ನಿದ್ದೆ ಚೆನ್ನಾಗಿ ಬರುತ್ತದೆ.

ಬಾಯಿ ಬಿಟ್ಟ ಕೂಡಿನ, ಎಂದರೆ ಎರಡು ಹಲಗೆ ಸೇರುವ ಜಾಗದ, ಒಳಗೆ ಟಾರ್ಚು ಬಿಡಿ. ಒಂದು ಬದಿಯಲ್ಲಿ ಅಂಟು ಗಾಜಿನಂತೆ ನುಣುಪಾಗಿ ಕೂತಿದ್ದು, ಇನ್ನೊಂದು ಬದಿ ಬರಿದಾಗಿದ್ದರೆ ಅಂಟು ಹಿಡಿದೇ ಇಲ್ಲ. ಗರಗಸದ ಪುಡಿ ಒರೆಸದೆ ಹಚ್ಚಿರಬೇಕು, ಇಲ್ಲವೇ ಲ್ಯಾಮಿನೇಟಿನ ಮೇಲೆ ಹಚ್ಚಿರಬೇಕು, ಇಲ್ಲವೇ ಬೇಸಿಗೆಯ ಬಿಸಿಗಾಳಿಯಲ್ಲಿ ಕೂಡಿಸುವ ಮುಂಚೆಯೇ ಒಣಗಿರಬೇಕು. ನನ್ನದು ಮೂರನೆಯದು: ಏಪ್ರಿಲ್ ಮಧ್ಯಾಹ್ನ, ಫ್ಯಾನಿನ ಕೆಳಗೆ. ಅಂಟಿನ ಜೊತೆ ಮರದ ನಾರೂ ಕಿತ್ತುಬಂದಿದ್ದರೆ ಅಂಟಿನ ತಪ್ಪಿಲ್ಲ. ಅಲ್ಲಿ ಭಾರ ಹೆಚ್ಚಾಗಿದೆ ಅಥವಾ ಕಪಾಟು ವಾಲಿ ಕೂಡನ್ನು ತಿರುಚಿದೆ. ಈ ಬರಹದ ಮೇಲಿನ ಎರಡು ಭಾಗಗಳಿಗೆ ವಾಪಸ್ ಹೋಗಿ.

ಕೆಳಗೆ ಪುಡಿ ಉದುರುತ್ತಿದೆ

ಇದು ನನ್ನ ಕಪಾಟಿನ ಕಥೆಯಲ್ಲ, ನನ್ನ ತಮ್ಮನದು. ಶ್ರೀನಿವಾಸಪುರದ ನೆಂಟರ ತೋಟದಲ್ಲಿ ಫಲ ನಿಲ್ಲಿಸಿದ ಹಳೇ ಮಾವಿನಮರ ಕಡಿಸಿದ್ದರು. ದುಡ್ಡಿಲ್ಲದೆ ಬಂದ ಹಲಗೆ. ನನ್ನ ಕಪಾಟು ನೋಡಿ ಹುರುಪು ಬಂದು ಅವನೂ ನಾಲ್ಕಡಿಯದೊಂದು ಮಾಡಿದ. ಸಂಕ್ರಾಂತಿ ಕಳೆದ ಮೇಲೆ ಫೋನು: “ಅಕ್ಕಾ, ಈ ಕಪಾಟು ರಾತ್ರಿಯೆಲ್ಲಾ ಹಿಟ್ಟು ಬೀಸ್ತೈತೆ.”

ಪುಡಿಯನ್ನು ಗುಡಿಸಿ ಎಸೆಯಬೇಡಿ. ಕಪ್ಪು ಕಾಗದದ ಮೇಲೆ ಒಂದು ಚಿಟಿಕೆ ಹಾಕಿ ಭೂತಗನ್ನಡಿಯಲ್ಲಿ ನೋಡಿ, ಬೆರಳಲ್ಲಿ ಉಜ್ಜಿ. ಮೈದಾಹಿಟ್ಟಿನಷ್ಟು ನುಣ್ಣಗಿದ್ದು, ಮರದ ಮೈಮೇಲೆ ಗುಂಡುಸೂಜಿ ತಲೆಯಷ್ಟು, 1–2 ಮಿ.ಮೀ.ಯ ದುಂಡು ತೂತುಗಳಿದ್ದರೆ ಅದು ಮರ ಕೊರೆಯುವ ದುಂಬಿಯ ಕೆಲಸ. ಪುಡಿ ಹಿಟ್ಟಾಗದೆ ಗಸಗಸೆಯ ಹಾಗೆ ಕಾಳುಕಾಳಾಗಿ ಬೆರಳಿಗೆ ಉರುಳಿದರೆ, ಗಾಜಿನ ಕೆಳಗೆ ಆ ಕಾಳಿಗೆ ಆರು ಮುಖ ಕಂಡರೆ, ಅದು ಒಣಮರದ ಗೆದ್ದಲಿನ ಹಿಕ್ಕೆ. ಈ ಗೆದ್ದಲಿಗೆ ನೆಲದ ಸಂಪರ್ಕ ಬೇಡ, ಮರದೊಳಗೇ ಸಂಸಾರ. ಪುಡಿ ಇಲ್ಲದೆ ಮಣ್ಣಿನ ಗೆರೆ ಗೋಡೆಯಿಂದ ಕಪಾಟಿಗೆ ಹತ್ತಿದ್ದರೆ ನಮಗೆಲ್ಲ ಪರಿಚಯದ ನೆಲದ ಗೆದ್ದಲು. ಮಣ್ಣಿನ ಗೋಡೆಯ ಮನೆಯಲ್ಲಿ ಅದಕ್ಕೆ ರಾಜಮಾರ್ಗ, ಪುಸ್ತಕವನ್ನೂ ಬಿಡುವುದಿಲ್ಲ.

ತಮ್ಮನದು ಮೈದಾ. ಹುಳು ಈಗಲೂ ಒಳಗಿದೆಯೇ, ಹಳೇ ತೂತಿನ ಪುಡಿ ಬಾಗಿಲು ಬಡಿದಾಗ ಉದುರುತ್ತಿದೆಯೇ ಎಂಬುದು ಮುಂದಿನ ಪ್ರಶ್ನೆ. ಇದ್ದ ತೂತುಗಳಿಗೆಲ್ಲ ಪೆನ್ಸಿಲ್ಲಲ್ಲಿ ಸುತ್ತು ಹಾಕಿ, ಹಲಗೆ ಒರೆಸಿ, ಕೆಳಗೆ ಕಪ್ಪು ಕಾಗದ ಹಾಸಿ ಹದಿನೈದು ದಿನ ಬಿಟ್ಟೆವು. ಸುತ್ತಿಲ್ಲದ ಹೊಸ ತೂತು ಏಳು, ಅವುಗಳ ಕೆಳಗೆ ಮಾಸದ, ಹಾಲುಬಣ್ಣದ ಪುಡಿಯ ಏಳು ಪುಟ್ಟ ಗುಪ್ಪೆ. ಹುಳು ಮನೆಯಲ್ಲೇ ಇತ್ತು.

ಈ ದುಂಬಿಗೆ ಬೇಕಾದದ್ದು ಮರದ ಚೇಗಲ್ಲ, ಸಿಪ್ಪೆಯ ಹತ್ತಿರದ ಬಿಳಿ ಭಾಗ. ಅಲ್ಲಿ ಪಿಷ್ಟ ಇರುತ್ತದೆ. ಹುಳಕ್ಕೆ ಮಾವು ಸುಲಭದ ತುತ್ತು. ನಮ್ಮ ಕಡೆ ಅದನ್ನು ಪೆಟ್ಟಿಗೆಗೂ ಸೆಂಟ್ರಿಂಗಿಗೂ ಹಾಕುತ್ತಾರೆ, ಮನೆಸಾಮಾನಿಗೆ ಹಾಕಲು ಹಿಂಜರಿಯುತ್ತಾರೆ. ತೇಗ ಎಂದ ಮಾತ್ರಕ್ಕೆ ಬಿಡುಗಡೆಯೂ ಇಲ್ಲ. ಬಿಳಿ ಅಂಚಿರುವ ಅಗ್ಗದ ತೇಗದ ಪಟ್ಟಿಗೂ ಹುಳು ಬೀಳುತ್ತದೆ.

ತಮ್ಮ ಮೊದಲು ಸೀಮೆಎಣ್ಣೆ ಬಳಿದಿದ್ದ. ನಾಲ್ಕು ದಿನ ಮನೆಯೆಲ್ಲ ವಾಸನೆ, ಆಮೇಲೆ ಪಾಲಿಶ್ ಹಿಡಿಯಲಿಲ್ಲ, ಹುಳುವೂ ಹೋಗಲಿಲ್ಲ. ಬಿಸಿಲಿಗೆ ಹಾಕಿದ, ಹಲಗೆ ಸೊಟ್ಟಗಾಯಿತು, ತಿರುಳಿಗೆ ಅಷ್ಟು ಬಿಸಿ ಮುಟ್ಟುವುದಿಲ್ಲ. ಕೆಲಸ ಮಾಡಿದ್ದು ಬಿಳಿಗಾರ ಮತ್ತು ಬೋರಿಕ್ ಆಸಿಡ್, ಕೇರಂ ಬೋರ್ಡಿಗೆ ಹಾಕುವ ಅದೇ ಬೋರಿಕ್. ಬಿಳಿಗಾರ 36 ಗ್ರಾಂ, ಬೋರಿಕ್ 24 ಗ್ರಾಂ, ಒಂದು ಲೀಟರ್ ಬಿಸಿನೀರಲ್ಲಿ ಕರಗಿಸಿ, ಮೈಮೇಲಿನ ಪಾಲಿಶ್ ಪೂರ್ತಿ ಉಜ್ಜಿ ತೆಗೆದ ಹಲಗೆಗೆ ಎರಡು ಮೂರು ಸಲ ಬಳಿದು, ತೂತುಗಳಿಗೆ ಸಿರಿಂಜಿನಲ್ಲಿ ಬಿಡಬೇಕು. ಕೈಗೆ ಗ್ಲೌಸ್ ಇರಲಿ, ಪಾತ್ರೆ ಅಡುಗೆಮನೆಗೆ ವಾಪಸ್ ಹೋಗದಿರಲಿ, ಮಕ್ಕಳನ್ನು ದೂರ ಇಡಿ. ಪೂರ್ತಿ ಒಣಗಿದ ಮೇಲೆ ಎಲ್ಲ ಮೈಗೂ, ಹಿಂಬದಿಗೂ, ಕೊಯ್ದ ತುದಿಗೂ ಪಾಲಿಶ್ ಕೊಡಿ. ಪಾಲಿಶ್ ಮುಚ್ಚಿದ ಮರದ ರಂಧ್ರದಲ್ಲಿ ದುಂಬಿಗೆ ಮೊಟ್ಟೆ ಇಡಲು ಜಾಗ ಸಿಗುವುದಿಲ್ಲ. ಉಗುರಿನಲ್ಲಿ ಒತ್ತಿದರೆ ಕುಸಿಯುವ ಹಲಗೆಗೆ ಮಾತ್ರ ಯಾವ ಮದ್ದೂ ಬೇಡ, ಒಲೆಗೆ ಹಾಕಿ. ತಮ್ಮನ ಆರು ಹಲಗೆಯಲ್ಲಿ ಎರಡು ಹಾಗೆ ಹೋದವು.

ನೆಲದ ಗೆದ್ದಲಾದರೆ ಮಣ್ಣಿನ ಗೆರೆಯನ್ನು ಎರಡಿಂಚು ಒಡೆದು ನಾಲ್ಕೈದು ದಿನ ಕಾಯಿರಿ. ಮತ್ತೆ ಕಟ್ಟಿದ್ದರೆ ಸಂಚಾರ ಇದೆ. ಕಪಾಟಿಗೆ ಮದ್ದು ಬಳಿಯುವುದು ಆಮೇಲಿನ ಮಾತು. ಮೊದಲು ಗೋಡೆಯಿಂದ ಎರಡಿಂಚು ಈಚೆ ಎಳೆದು, ಕಾಲನ್ನು ಕಲ್ಲಿನ ಮೇಲೆ ಕೂರಿಸಿ, ಗೋಡೆಗೆ ಗೆದ್ದಲು ಮದ್ದು ಹೊಡೆಯುವವರನ್ನು ಕರೆಸಿ.

ಹಲಗೆ ತಿರುಚಿಕೊಂಡಿದೆ

ಪ್ಲೈಗಿಂತ ಗಟ್ಟಿಮರದ ಹಲಗೆಯಲ್ಲಿ ಇದು ಹೆಚ್ಚು. ನೀಲಗಿರಿ ನಮ್ಮ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಇದೆ, ಅಗ್ಗ, ಗಟ್ಟಿ. ಒಣಗುವಾಗ ಮಾತ್ರ ಸೀಳುತ್ತದೆ, ತಿರುಚುತ್ತದೆ. ಕಪಾಟಿಗೆ ಬೇಡ. ಸಿಲ್ವರ್ ಓಕ್ ಚೆನ್ನಾಗಿ ಒಣಗಿದ್ದರೆ ಪರವಾಗಿಲ್ಲ. ಹಲಸು ಸಿಕ್ಕರೆ ಬಿಡಬೇಡಿ.

ಹಲಗೆಯ ಕೊಯ್ದ ತುದಿ ನೋಡಿ. ಅಲ್ಲಿ ಕಾಣುವ ವರ್ಷದ ಉಂಗುರದ ಗೆರೆಗಳು ಬಿಲ್ಲಿನಂತೆ ಬಾಗಿದ್ದರೆ, ಮರ ಒಣಗುವಾಗ ಆ ಬಿಲ್ಲು ನೆಟ್ಟಗಾಗಲು ನೋಡುತ್ತದೆ, ಹಲಗೆ ಅದರ ವಿರುದ್ಧ ದಿಕ್ಕಿಗೆ ದೋಣಿಯಾಗುತ್ತದೆ. ಉಂಗುರದ ಗುಂಟ ಮರ ಕುಗ್ಗುವುದು, ತಿರುಳಿನಿಂದ ಹೊರಕ್ಕೆ ಕುಗ್ಗುವುದರ ಸುಮಾರು ಎರಡರಷ್ಟು, ಅದೇ ಕಾರಣ. ಉದ್ದಕ್ಕೆ ಮಾತ್ರ ಕುಗ್ಗುವುದೇ ಇಲ್ಲ ಎನ್ನಬಹುದು. ಹಾಗಾಗಿ ಅಗಲದ ಹಲಗೆಯನ್ನು ಪಕ್ಕಕ್ಕೆ ಮುಂದೆ, ಹಿಂದೆ, ನಡುವೆ ಎಲ್ಲ ಕಡೆ ಬಿಗಿದಿದ್ದರೆ ಫಾಲ್ಗುಣ ಕಳೆಯುವಷ್ಟರಲ್ಲಿ ಠಣ್ ಎಂದು ಸೀಳುವ ಸದ್ದು ಕೇಳಬಹುದು. ಮುಂದಿನ ಸ್ಕ್ರೂ ಬಿಗಿಯಾಗಿರಲಿ, ಹಿಂದಿನದಕ್ಕೆ ತೂತನ್ನು ಉದ್ದುದ್ದ ಮಾಡಿ ಮರಕ್ಕೆ ಓಡಾಡಲು ಜಾಗ ಬಿಡಿ.

ಸೆಪ್ಟೆಂಬರ್-ಅಕ್ಟೋಬರ್ ನಮ್ಮ ಕಡೆ ಮಳೆ ಹೆಚ್ಚಿರುವ ತಿಂಗಳು, ಮರ ಉಬ್ಬಿರುತ್ತದೆ. ಆಗ ಅಂಟಿಕೊಳ್ಳುವ ಬಾಗಿಲನ್ನು ಉಜ್ಜುಗೊರಡು ಹಾಕಿ ತೆಗೆದರೆ ಮಾರ್ಚಿಯಲ್ಲಿ ಬೆರಳು ತೂರುವ ಸಂದು ಬರುತ್ತದೆ. ಸಾಧ್ಯವಾದರೆ ಜನವರಿವರೆಗೆ ಕಾಯಿರಿ.

ಹಲಗೆ ಒಣಗಿದೆಯೇ ಎಂದು ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ಒಂದು ತುಂಡು ಕೊಯ್ದು, ವಾರಕ್ಕೊಮ್ಮೆ ತೂಗಿ ಅದರ ಮೇಲೇ ಬರೆಯಿರಿ. ತೂಕ ಇಳಿಯುವುದು ನಿಂತಾಗ ಕೊಯ್ಯಲು ಕೂರಿ.

ಬುಡ ಉಬ್ಬಿದೆ, ಮುಗ್ಗಲು ವಾಸನೆ

ಬುಡದ ಪ್ಲೈ ಪದರ ಬಿಟ್ಟಿದ್ದರೆ ನೆಲ ಒರೆಸುವ ನೀರು ಕಾರಣ. ಎಂ.ಆರ್. (ಮಾಯಿಶ್ಚರ್ ರೆಸಿಸ್ಟೆಂಟ್) ದರ್ಜೆಯ ಪ್ಲೈ ಗಾಳಿಯ ತೇವ ತಡೆಯುತ್ತದೆ, ನಿಂತ ನೀರನ್ನಲ್ಲ. ಐಎಸ್ 710 ಎಂಬ ಭಾರತೀಯ ಮಾನಕದ ಮರೈನ್ ಪ್ಲೈಯ ಅಂಟು 72 ಗಂಟೆ ಕುದಿನೀರು ತಡೆಯಬೇಕೆಂಬ ನಿಯಮವಿದೆ. ಹಾಗೆಂದು ಇಡೀ ಕಪಾಟಿಗೆ ಅದನ್ನು ಕೊಳ್ಳುವುದು ದುಡ್ಡು ದಂಡ. ಬುಡಕ್ಕೆ ಎರಡಿಂಚಿನ ಕಲ್ಲಿನ ಅಥವಾ ತೇಗದ ಪೀಠ ಕೊಡಿ. ನಾನು ಉಬ್ಬಿದ ಎರಡಿಂಚನ್ನು ಕೊಯ್ದೇ ಹಾಕಿ, ಕಡಪ ಕಲ್ಲಿನ ಪಟ್ಟಿಯ ಮೇಲೆ ಕೂರಿಸಿದೆ.

ಮುಗ್ಗಲು ವಾಸನೆ ಬಂದರೆ ಹಿಂದಿನ ಗೋಡೆಗೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ, ಮೂರು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕೂತರೆ ತೇವ ಗೋಡೆಯಿಂದ ಬರುತ್ತಿದೆ, ಹೊರಬದಿಯಲ್ಲಿ ಕೂತರೆ ಕೋಣೆಯ ಗಾಳಿಯಿಂದ. ಮೊದಲನೆಯದಕ್ಕೆ ಗೋಡೆ ರಿಪೇರಿ, ಎರಡನೆಯದಕ್ಕೆ ಕಿಟಕಿ ತೆರೆದರಾಯಿತು.

ಮತ್ತೆ ಪುಸ್ತಕ ಏರಿಸುವಾಗ

ಬುಡದಿಂದ ಶುರುಮಾಡಿ. ನಿಘಂಟು, ಹಳೇ ವಾರಪತ್ರಿಕೆಗಳ ಬೈಂಡು, ಮಕ್ಕಳ ಗೈಡುಗಳು ಕೆಳಗೆ. ಸಣ್ಣ ಕಥೆ-ಕವನದ ಪುಸ್ತಕ ಮೇಲೆ. ಹಲಗೆಯ ನಡುವೆ ಹಗುರದ್ದು, ಭಾರದ್ದು ಎರಡು ತುದಿಗೆ. ಎಲ್ಲ ಏರಿಸಿದ ಮರುದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಅದೇ ದಾರ, ಅದೇ ಸ್ಕೇಲಿನಲ್ಲಿ ಅಳೆದು ಹಳೇ ಅಂಕಿಯ ಕೆಳಗೇ ಬರೆಯಿರಿ. ನನ್ನ ಕಪಾಟಿನ ಒಳಮೈ ಈಗ ಡಾಕ್ಟರ ಚೀಟಿಯಂತಿದೆ. ಮೂರನೇ ಹಲಗೆ: 5, ಪಟ್ಟಿ ಕೊಟ್ಟ ಮರುದಿನ 1, ತಿಂಗಳಿಗೆ ಒಂದೂವರೆ, ಯುಗಾದಿಗೆ ಒಂದೂವರೆ. ಮೂಲೆ: 80½, 80½. ನಾಲ್ಕನೆಯದರ ಎದುರು ಆಚಾರ್ರು ತಮ್ಮ ಪೆನ್ಸಿಲ್ಲಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಹೋಗಿದ್ದಾರೆ. ಅದಕ್ಕಿನ್ನೂ ಪಟ್ಟಿ ಕೊಟ್ಟಿಲ್ಲ.